ಕೆಳಗೆ ನಿನ್ನವರು ಇದ್ದಾರಾ?

ಲಾರಿ ಪೂರಾ ಮುಳುಗಿರಲಿಲ್ಲ, ಅಷ್ಟೇ ಪುಣ್ಯ. ಕೆಂಪು ಕೆಸರುನೀರಿನ ನಟ್ಟನಡುವೆ ಒಂದು ಮಗ್ಗುಲಿಗೆ ವಾಲಿಕೊಂಡು ನಿಂತಿತ್ತು. ಹಿಂಭಾಗದಲ್ಲಿ ಒಣಮೀನಿನ ಮೂಟೆಗಳ ರಾಶಿ; ಆ ರಾಶಿಯ ಮೇಲೆ ಏಳು ಜನ ಒಬ್ಬರನ್ನೊಬ್ಬರು ಹಿಡಿದುಕೊಂಡು ಕೂತಿದ್ದರು. ನೆತ್ತಿಯ ಮೇಲೆ ಸುಡುಬಿಸಿಲು. ಇವತ್ತು ಇಲ್ಲಿ ಒಂದು ಹನಿ ಬಿದ್ದಿಲ್ಲ. ಬಿದ್ದದ್ದೆಲ್ಲ ದೂರದ ಬೆಟ್ಟದಲ್ಲಿ. ತುರ್ಕಾನಾ ಸೀಮೆಯ ಹಳ್ಳಗಳ ಹಣೆಬರಹವೇ ಹಾಗೆ: ಬೆಳಿಗ್ಗೆ ಹೆಂಗಸರು ಮರಳು ತೋಡಿ ಕುಡಿಯುವ ನೀರಿಗೆ ಹುಡುಕಾಡುತ್ತಿರುತ್ತಾರೆ, ಮಧ್ಯಾಹ್ನ ಅದೇ ಜಾಗದಲ್ಲಿ ಲಾರಿ ತೇಲುತ್ತದೆ.

ಪೊಲೀಸ್ ಹೆಲಿಕಾಪ್ಟರಿನ ತೆರೆದ ಬಾಗಿಲಲ್ಲಿ, ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಹೊರಕ್ಕೆ ಬಾಗಿದ್ದವನು ಸಾರ್ಜೆಂಟ್ ಲೊಕಿದೋರ್. ಈ ನೆಲದಲ್ಲೇ ಹುಟ್ಟಿ ಬೆಳೆದ ತುರ್ಕಾನಾ ಜನಾಂಗದವನು. ಹಾರಿಸುತ್ತಿದ್ದವಳು ಮುಂಬುವಾ, ದಕ್ಷಿಣದ ಕಂಬಾ ಸೀಮೆಯವಳು. ಮಾತು ಕಡಿಮೆ, ಸಿಟ್ಟು ಬಂದಾಗ ಮಾತ್ರ ಜಾಸ್ತಿ. ಹಾರಿಸುವವರಿಗೆ ಎದುರಿನದು ಕಾಣುತ್ತದೆ. ಪಕ್ಕದ್ದು, ಕಾಲ ಕೆಳಗಿನದು ಕಾಣುವುದಿಲ್ಲ. ಬಾಗಿಲಲ್ಲಿ ನಿಂತವನೇ ಅವರಿಗೆ ಕಣ್ಣು. ಅವನು ಎಡ ಅಂದರೆ ಎಡ, ನಿಲ್ಲಿ ಅಂದರೆ ನಿಲ್ಲಬೇಕು, ಬಿಟ್ಟು ಹೊರಡಿ ಅಂದರೆ ಆ ಕ್ಷಣವೇ ಹೊರಡಬೇಕು. ನೆಲ ಬಿಡುವುದಕ್ಕೆ ಇಬ್ಬರ ಹೂಂ ಬೇಕು, ಬೇಡ ಅನ್ನುವುದಕ್ಕೆ ಒಬ್ಬರ ಉಹೂಂ ಸಾಕು. ಯಾಕೆ ಎಂದು ಕೇಳುವಂತಿಲ್ಲ. ಈ ದಳದಲ್ಲಿ ಕೆಲಸ ನಡೆಯುವುದೇ ಹೀಗೆ.

ಇನ್ನೂ ಒಂದು ಪದ್ಧತಿ ಇದೆ. ಪ್ರತಿ ಸಲ ನೆಲ ಬಿಡುವ ಮುಂಚೆ ಹಾರಿಸುವವರು ಬಾಗಿಲಿನವನನ್ನು ಒಂದು ಮಾತು ಕೇಳುತ್ತಾರೆ: "ಕೆಳಗೆ ನಿನ್ನವರು ಇದ್ದಾರಾ?" ದನಗಳ್ಳತನದ ಸೀಮೆ ಇದು. ಇವತ್ತು ಇವರು ಅವರ ಒಂಟೆ ಹೊಡೆದುಕೊಂಡು ಹೋಗುತ್ತಾರೆ, ನಾಳೆ ಅವರು ಇವರ ಆಡು. ಬೆನ್ನಟ್ಟಿ ಹೋದ ಹೆಲಿಕಾಪ್ಟರಿನಲ್ಲಿ ಇರುವವನು ತನ್ನ ಅಣ್ಣತಮ್ಮಂದಿರ ಜಾಡನ್ನು ಕಂಡೂ ಕಾಣದವನಂತೆ ಕೂತರೆ? ಅಥವಾ ತನ್ನವರ ದನ ಹೋಗಿದೆಯೆಂದು ಬೇಡದ ಕಡೆ ಬಂದೂಕು ಎತ್ತಿದರೆ? ಎರಡೂ ಒಂದೊಂದು ಸಲ ಆಗಿಹೋಗಿದ್ದವು. ಆಮೇಲೆ ಬಂದದ್ದು ಈ ಪ್ರಶ್ನೆ. ಇದ್ದಾರೆ ಎಂದರೆ ಇಳಿದುಬಿಡಬೇಕು, ಬೇರೆಯವನು ಹತ್ತುತ್ತಾನೆ. ಅದರಲ್ಲಿ ಅವಮಾನವೇನೂ ಇಲ್ಲ.

ಬೆಳಿಗ್ಗೆ ಕಳವಾದ ಒಂಟೆಗಳನ್ನು ಹುಡುಕಲು ಹೊರಟಾಗ ಮುಂಬುವಾ ಕೇಳಿದ್ದಳು. ಲೊಕಿದೋರ್ ಇಲ್ಲ ಅಂದಿದ್ದ. ಲಾರಿಯ ಸುದ್ದಿ ರೇಡಿಯೊದಲ್ಲಿ ಬಂದಾಗಲೂ ಕೇಳಿದ್ದಳು. ಆಗಲೂ ಇಲ್ಲ ಅಂದಿದ್ದ. ಯಾವ ಲಾರಿಯೋ, ಯಾರ ಲಾರಿಯೋ, ಅವನಿಗೆ ಹೇಗೆ ಗೊತ್ತಾಗಬೇಕು?

ಈಗ ಗೊತ್ತಾಯಿತು. ಆ ಏಳು ಜನರ ನಡುವೆ ಒಬ್ಬಳು ಹೆಂಗಸು ಎದ್ದು ನಿಂತಿದ್ದಳು. ಉಳಿದವರೆಲ್ಲ ತಲೆ ತಗ್ಗಿಸಿ ಕೂತಿದ್ದರೆ ಇವಳೊಬ್ಬಳು ಸೊಂಟದ ಮೇಲೆ ಕೈಯಿಟ್ಟುಕೊಂಡು, ಹೆಲಿಕಾಪ್ಟರ್ ತಡವಾಗಿ ಬಂದದ್ದಕ್ಕೆ ಜಗಳ ತೆಗೆಯುವವಳ ಹಾಗೆ ಮೇಲೆ ನೋಡುತ್ತಿದ್ದಳು. ಕುತ್ತಿಗೆಯ ತುಂಬ ಗಲ್ಲದವರೆಗೂ ಮಣಿಸರ. ಅವನ ಅಕ್ಕ, ನಪೆಯೊಕ್. ಅವ್ವ ಆಡು ಕಾಯಲು ಹೋದಾಗೆಲ್ಲ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಓಡಾಡಿದವಳು, ಆಮೇಲೆ ತುರ್ಕಾನಾ ಸರೋವರದ ಮೀನು ಮಾರಿ ಅವನನ್ನು ಶಾಲೆಗೆ ಕಳಿಸಿದವಳು. ಈಗಲೂ ಅವಳದ್ದು ಅದೇ ಮೀನಿನ ವ್ಯಾಪಾರ.

"ಎಷ್ಟು ಜನ?" ಕಿವಿಗೆ ಹಾಕಿಕೊಂಡಿದ್ದ ಹೆಡ್‌ಸೆಟ್ಟಿನಲ್ಲಿ ಮುಂಬುವಾ ಕೇಳಿದಳು.

"ಏಳು ಮೇಡಂ. ಇಬ್ರು ಸಣ್ಣ ಮಕ್ಕಳು."

"ಒಂದು ಸಲಕ್ಕೆ ನಾಲ್ಕು ಜನ, ಅದಕ್ಕಿಂತ ಜಾಸ್ತಿ ಆಗಲ್ಲ. ಮಕ್ಕಳು ಮೊದ್ಲು. ದಾರಿ ಹೇಳು."

ಆಗಲೇ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಬಾಯಿ ಬಿಟ್ಟರೆ ಮುಂಬುವಾ ಹೆಲಿಕಾಪ್ಟರನ್ನು ಹಿಂದಕ್ಕೆ ತಿರುಗಿಸಿಬಿಟ್ಟಾಳೆಂಬ ಭಯ. "ಎಡಕ್ಕೆ ಸ್ವಲ್ಪ... ಇನ್ನೂ ಸ್ವಲ್ಪ... ಕೆಳಗೆ... ನಿಲ್ಲಿ, ಹಾಗೇ ನಿಲ್ಲಿ," ಎಂದ. ಹೆಲಿಕಾಪ್ಟರ್ ನೆಲಕ್ಕೆ ಊರುವ ಉದ್ದ ಕಂಬಿಯ ಒಂದು ತುದಿ ಮೂಟೆಗೆ ತಾಗಿತು. ಅಷ್ಟೇ ಆಸರೆ, ಮಿಕ್ಕಿದ್ದೆಲ್ಲ ಗಾಳಿಯಲ್ಲಿ. ರೆಕ್ಕೆಗಳ ಹೊಡೆತಕ್ಕೆ ನೀರು ಸಿಡಿದು ಎಲ್ಲರ ಮುಖಕ್ಕೆ ರಾಚುತ್ತಿತ್ತು. ಲೊಕಿದೋರ್ ಕಂಬಿಯ ಮೇಲೆ ಕಾಲಿಟ್ಟು ಮೊದಲ ಮಗುವನ್ನು ಎಳೆದು ಒಳಕ್ಕೆ ಎಸೆದ. ಎರಡನೆಯದನ್ನು ಅಕ್ಕನೇ ಎತ್ತಿ ಕೊಟ್ಟಳು. ಆಮೇಲೆ ಆ ಮಕ್ಕಳ ತಾಯಿ. ಇನ್ನು ಒಬ್ಬರಿಗೆ ಮಾತ್ರ ಜಾಗ.

ಅಂಚಿನಲ್ಲಿ ಒಬ್ಬ ಮುದುಕ ಕೂತಿದ್ದ, ಕೈ ಚಾಚಿಕೊಂಡು. ಅವನ ಹಿಂದೆ ಅಕ್ಕ. ಲೊಕಿದೋರನ ಕೈ ಮುದುಕನ ಹೆಗಲನ್ನು ದಾಟಿ ಅಕ್ಕನ ಕೈ ಹಿಡಿಯಿತು. ಅವನು ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿಯೇ ಹೋಗಿತ್ತು.

ನಪೆಯೊಕ್ ಆ ಕೈಗೆ ಪಟ್ಟನೆ ಒಂದು ಬಾರಿಸಿದಳು. ಸದ್ದಿನಲ್ಲಿ ಅವಳ ಮಾತು ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ. ಅವಳ ಬೈಗುಳ ಅವನಿಗೆ ಹುಟ್ಟಿದಾಗಿನಿಂದ ಬಾಯಿಪಾಠ. ಪೊಲೀಸಿನವನು ತನ್ನ ರಕ್ತಸಂಬಂಧಿಯನ್ನು ಮೊದಲು ಎತ್ತಿಕೊಂಡು ಹೋದ ಎಂದು ನಾಳೆ ಸಂತೆಯಲ್ಲಿ ಜನ ಆಡಿಕೊಂಡರೆ ಅವಳು ಮುಖ ಎಲ್ಲಿಡಬೇಕು? ಮುದುಕನ ಕುಂಡೆಗೆ ಎರಡೂ ಕೈ ಕೊಟ್ಟು ಅವಳೇ ಮೇಲಕ್ಕೆ ನೂಕಿದಳು. ಆ ಬಡಪಾಯಿ ಮೂಟೆಯಂತೆ ಒಳಗೆ ಬಿದ್ದ.

"ನಾಲ್ಕಾಯ್ತು. ಹೊರಡಿ," ಎಂದ ಲೊಕಿದೋರ್. ಹೆಲಿಕಾಪ್ಟರ್ ಏರಿತು. ಲಾರಿಯ ಮೇಲೆ ಮೂವರು ಉಳಿದರು: ಅಕ್ಕ, ಲಾರಿಯ ಡ್ರೈವರ್, ಒಬ್ಬ ಸಕ್ಕರೆ ವ್ಯಾಪಾರಿ. ನೀರು ಮೂಟೆಗಳ ಕೆಳಗಿನ ಸಾಲನ್ನು ನುಂಗಿಯಾಗಿತ್ತು.

ಇಂಧನ ತುಂಬಿಸಲು ಹೇಗೂ ಲೊಕಪೆಟ್ ಪೊಲೀಸ್ ಠಾಣೆಗೆ ಹೋಗಬೇಕಿತ್ತು, ಹಾಗಾಗಿ ಈ ನಾಲ್ವರನ್ನೂ ಅಲ್ಲಿಗೇ ಒಯ್ದರು. ಒಂದು ಗುಡ್ಡದ ನೆತ್ತಿ, ನಾಲ್ಕು ತಗಡಿನ ಮನೆ, ಒಂದು ಧ್ವಜದ ಕಂಬ. ಹೆಲಿಕಾಪ್ಟರಿಗಾಗಿಯೇ ಇಟ್ಟ ಇಂಧನದ ಡ್ರಮ್ಮು ಎರಡು ಅಲ್ಲಿದ್ದವು. ಇಳಿದರೂ ಮುಂಬುವಾ ಎಂಜಿನ್ ನಿಲ್ಲಿಸಲಿಲ್ಲ. ನಿಲ್ಲಿಸಿ ಮತ್ತೆ ಹಚ್ಚುತ್ತ ಕೂರಲು ವೇಳೆಯೆಲ್ಲಿದೆ?

ಠಾಣೆಯ ಕಾರ್ಪೊರಲ್ ನ್ಯಾಕುಂಡಿ ಕೈಪಂಪು ಹೊತ್ತುಕೊಂಡು ಓಡಿ ಬಂದ. ಕಿಸೀ ಕಡೆಯ ಕುಳ್ಳ ಮನುಷ್ಯ. ಬೂಟಿನ ಹೊಳಪಿನಲ್ಲಿ ಮುಖ ನೋಡಿಕೊಳ್ಳಬಹುದು, ಅಷ್ಟು ಅಚ್ಚುಕಟ್ಟು. ಮಾತು ಮಾತ್ರ ನಿಂತಲ್ಲಿ ನಿಲ್ಲುವುದಿಲ್ಲ; ಪೊಲೀಸರ ವಾಡಿಕೆಯಂತೆ ಮೇಲಿನವರನ್ನೆಲ್ಲ 'ಅಫಾಂದೆ' ಎಂದೇ ಕರೆಯುತ್ತಾನೆ.

"ಬನ್ನಿ ಅಫಾಂದೆ, ಎಲ್ಲಾ ರೆಡಿ! ಡ್ರಮ್ಮು ಹೊರಗೇ ಇಟ್ಟಿದ್ದೀನಿ. ನೋಡಿ, ಹೇಗಿದೆ!"

ಲೊಕಿದೋರ್ ನೋಡಿದ. ಎರಡೂ ಡ್ರಮ್ಮುಗಳು ನೀಲಿ ಬಣ್ಣ ಬಳಿಸಿಕೊಂಡು, ಅಂಚಿಗೆ ಬಿಳಿ ಪಟ್ಟಿ ಎಳೆಸಿಕೊಂಡು, ಮದುವೆಗೆ ನಿಂತವರಂತೆ ಅಕ್ಕಪಕ್ಕ ನೆಟ್ಟಗೆ ನಿಂತಿದ್ದವು.

"ಯಾರಯ್ಯ ಇದನ್ನ ನಿಲ್ಸಿದ್ದು?"

"ನಾನೇ ಅಫಾಂದೆ! ದೊಡ್ಡ ಸಾಹೇಬ್ರು ಠಾಣೆ ನೋಡಕ್ಕೆ ಬಂದಿದ್ರಲ್ಲ, ಅದಕ್ಕೇಂತ. ಮೊದ್ಲು ಹಂದಿ ಬಿದ್ಕೊಂಡಂಗೆ ಬಿದ್ಕೊಂಡಿದ್ವು. ಸಾಹೇಬ್ರು ನೋಡಿ ಭೇಷ್ ಅಂದ್ರು."

"ಆಮೇಲೆ ಮಳೆ ಬಂತಾ?"

"ಬರದೆ ಏನು? ಚೆನ್ನಾಗೇ ಹೊಡೀತು."

ದೊಡ್ಡ ಸಾಹೇಬರು ಬರುತ್ತಾರೆ ಎಂದರೆ ಸಾಕು, ನಮ್ಮ ಠಾಣೆಗಳಲ್ಲಿ ದಾರಿಯ ಕಲ್ಲಿಗೂ ಸುಣ್ಣ ಬಳಿಯುತ್ತಾರೆ, ನಿಲ್ಲಲಾಗದ್ದನ್ನೂ ನಿಲ್ಲಿಸುತ್ತಾರೆ. ಆದರೆ ಇಂಧನದ ಡ್ರಮ್ಮನ್ನು ಯಾವತ್ತೂ ಮಲಗಿಸಿಯೇ ಇಡಬೇಕು. ನಿಲ್ಲಿಸಿದರೆ ಅದರ ನೆತ್ತಿ ತಟ್ಟೆಯ ಹಾಗೆ. ಮಳೆಯ ನೀರು ಅಲ್ಲಿ ನಿಲ್ಲುತ್ತದೆ. ಹಗಲು ಕಾದ ಡ್ರಮ್ಮು ರಾತ್ರಿ ತಣ್ಣಗಾಗುತ್ತ ಮುಚ್ಚಳದ ಸಂದಿನಿಂದ ಆ ನೀರನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ನೀರು ಸೇರಿದ ಇಂಧನ ಕುಡಿದ ಎಂಜಿನ್ ಎಲ್ಲಿ ಬೇಕಾದರೂ ನಿಲ್ಲಬಹುದು. ನೆಲದ ಮೇಲೆ ನಿಂತರೆ ಸರಿ, ಹೊಳೆಯ ಮೇಲೆ ನಿಂತರೆ?

ಪರೀಕ್ಷೆ ಮಾಡುವುದು ಲೊಕಿದೋರನದೇ ಕೆಲಸ. ಡ್ರಮ್ಮಿನ ತಳಕ್ಕೆ ಕೊಳವೆ ಇಳಿಸಿ ಸಿರಿಂಜಿನಲ್ಲಿ ಸ್ವಲ್ಪ ಎಳೆದ. ಸಿರಿಂಜಿನ ಮೂತಿಯಲ್ಲಿ ಹಳದಿ ಬಿಲ್ಲೆಯೊಂದಿರುತ್ತದೆ. ನೀರು ತಾಗಿದರೆ ಹಸಿರಾಗುತ್ತದೆ. ಮೊದಲ ಡ್ರಮ್ಮಿಗೆ ಅದು ನೋಡನೋಡುತ್ತ ಹಚ್ಚಹಸಿರಾಯಿತು. ಹಾಳಾಗಿ ಹೋಗಲಿ ಎಂದು ಎರಡನೆಯದಕ್ಕೆ ಕೈ ಹಾಕಿದ.

ಎರಡನೆಯದರಲ್ಲಿ ಬಿಲ್ಲೆ ಹಳದಿಯಾಗಿಯೇ ಇತ್ತು. ಅವನು ಉಸಿರು ಬಿಡುವಷ್ಟರಲ್ಲಿ ಅಂಚಿನಲ್ಲಿ ಸಣ್ಣಗೆ ಬಣ್ಣ ತಿರುಗಿತು. ಹಸಿರು ಎಂದರೆ ಹಸಿರು. ಇಲ್ಲ, ಬಿಸಿಲಿಗೆ ಹಾಗೆ ಕಾಣುತ್ತದೆ ಎಂದರೆ ಅದೂ ಆದೀತು.

"ಹೇಗಿದೆ?" ಕಿವಿಯಲ್ಲಿ ಮುಂಬುವಾ. ಅವಳು ತನ್ನ ಸೀಟಿನಲ್ಲಿ ಬೆನ್ನು ತಿರುಗಿಸಿ ಕೂತಿದ್ದಾಳೆ. ಆ ಬಿಲ್ಲೆಯನ್ನು ನೋಡುತ್ತಿರುವುದು ಈ ಲೋಕದಲ್ಲಿ ಇವನೊಬ್ಬನೇ.

ನ್ಯಾಕುಂಡಿ ಬಗ್ಗಿ ಇಣುಕಿದ. ಅವನ ಮುಖದ ಬಣ್ಣವೂ ಆಗಲೇ ಇಳಿದಿತ್ತು. "ಅಫಾಂದೆ, ಇಷ್ಟೇ ಇಷ್ಟು ಅಲ್ವಾ? ಬಟ್ಟೇಲಿ ಸೋಸಿ ಹಾಕಣ. ನಮ್ಮೂರಲ್ಲಿ ಸೀಮೆಎಣ್ಣೆ ಹಂಗೇ ಮಾಡೋದು. ಏನೂ ಆಗಲ್ಲ. ಅಲ್ಲಿ ಜನ ಸಾಯ್ತಿದಾರೆ!"

ಏನೂ ಆಗದೇ ಇರಬಹುದು. ಆ ಎಂಜಿನ್ ಇಷ್ಟು ನೀರನ್ನು ಕೆಮ್ಮಿ ನುಂಗಿಕೊಂಡುಬಿಡಬಹುದು. ಅಕ್ಕ ಸಂಜೆಗೆ ಮನೆ ಸೇರಬಹುದು. ಒಂದು ಮಾತು ಸಾಕು, 'ಚೆನ್ನಾಗಿದೆ ಮೇಡಂ' ಎಂದು. ಬಾಯಿಯವರೆಗೆ ಬಂದಿತ್ತು. ಲೊಕಿದೋರನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅವನು ನಂಬುತ್ತಿದ್ದದ್ದು ಬಿಲ್ಲೆಯನ್ನಲ್ಲ, ತನ್ನ ಆಸೆಯನ್ನು.

"ಇಲ್ಲ ಮೇಡಂ," ಎಂದ.

"ಎರಡೂ?"

"ಎರಡೂ."

ಅವಳು ಯಾಕೆ ಎನ್ನಲಿಲ್ಲ. ನ್ಯಾಕುಂಡಿ ತಲೆಯ ಮೇಲೆ ಕೈ ಹೊತ್ತುಕೊಂಡು ಡ್ರಮ್ಮಿನ ಪಕ್ಕದಲ್ಲೇ ಕುಸಿದ. "ನಾನು ಚಂದ ಕಾಣ್ಲಿ ಅಂತ ಮಾಡಿದೆ ಅಫಾಂದೆ," ಎಂದ.

ಲೊಡ್ವಾರ್ ಪಟ್ಟಣದಿಂದ ಇಂಧನದ ಗಾಡಿ ಬರಬೇಕೆಂದರೆ ದಾರಿಯೇ ಕೊಚ್ಚಿಹೋಗಿದೆ. ಇನ್ನೊಂದು ಹೆಲಿಕಾಪ್ಟರ್ ದೂರದ ರಾಜಧಾನಿ ನೈರೋಬಿಯಲ್ಲಿ. ಮುಂಬುವಾ ಮುಂದಿದ್ದ ಇಂಧನ ಮಾಪಕದ ಮುಳ್ಳನ್ನು ಬೆರಳಿನಿಂದ ಎರಡು ಸಲ ತಟ್ಟಿದಳು. ತಟ್ಟಿದರೆ ಅದೇನು ಏರುತ್ತದೆಯೇ?

"ಕೇಳಿಲ್ಲಿ," ಎಂದಳು. "ಹೋಗಕ್ಕೆ ಸಾಕು. ಅಲ್ಲಿ ನಿಂತು ಎಳ್ಕೊಳ್ಳಕ್ಕೆ ಸ್ವಲ್ಪ ಹೊತ್ತು ಸಿಗುತ್ತೆ. ವಾಪಸ್ ಇಲ್ಲಿಗೆ ಬರಕ್ಕಾಗಲ್ಲ. ಹೊಳೆಯ ಈ ದಡದ ತಾಳೆಮರ ದಾಟಿದ್ರೆ ರಸ್ತೆ ಮೇಲೆ ಒಂದು ದಿಬ್ಬ ಇದೆ, ಅಲ್ಲಿ ಇಳಿಸ್ತೀನಿ. ಅಲ್ಲಿ ತನಕ ಎಣ್ಣೆ ಇದ್ರೆ. ನಂದು ಹೂಂ. ನಿಂದು?"

"ಹೂಂ!" ಅವಳ ಮಾತು ಮುಗಿಯುವ ಮೊದಲೇ ಅಂದುಬಿಟ್ಟ. ಓಡಿ ಹೋಗಿ ಬಾಗಿಲಿನ ಕಂಬಿಯ ಮೇಲೆ ಕಾಲಿಟ್ಟ.

ಮುಂಬುವಾ ಪಟ್ಟಿ ಬಿಗಿದುಕೊಳ್ಳುತ್ತ, ತಲೆಯನ್ನೂ ಎತ್ತದೆ, ದಿನವೂ ಕೇಳುವ ಹಾಗೆ ಕೇಳಿದಳು. "ಕೆಳಗೆ ನಿನ್ನವರು ಇದ್ದಾರಾ?"

ಲೊಕಿದೋರನ ಕಾಲು ಕಂಬಿಯ ಮೇಲೇ ನಿಂತಿತು. ಇಲ್ಲ ಎಂದರೆ ಮುಗಿಯಿತು. ಎರಡೇ ಅಕ್ಷರ. ಬೆಳಿಗ್ಗೆಯಿಂದ ಎರಡು ಸಲ ಅಂದಾಗಿದೆ.

"ಇದ್ದಾರೆ ಮೇಡಂ. ಅಕ್ಕ."

ಮುಂಬುವಾ ತಿರುಗಿ ನೋಡಿದಳು. "ಯಾವಾಗಿಂದ ಗೊತ್ತು?"

"ಹೋದ ಸಲಾನೇ ಕಂಡೆ."

"ಥೂ! ಆಗ್ಲೇ ಹೇಳಬಾರ್ದಾ? ನಾನು ನಿನ್ನ ಕಣ್ಣು ನಂಬ್ಕೊಂಡು ಹಾರ್ಸಿದ್ನಲ್ಲೋ!" ಅವನ ಸೊಂಟದತ್ತ ಬೆರಳು ತೋರಿದಳು. "ಪಟ್ಟಿ ಬಿಚ್ಚು. ಆ ಕಾರ್ಪೊರಲ್‌ಗೆ ಕಟ್ಟು."

"ಮೇಡಂ, ಅವನು ಈ ಗಾಡಿ ಹತ್ತೇ ಇಲ್ಲ! ಅವನಿಗೆ ಏನೂ ಗೊತ್ತಿಲ್ಲ!"

"ನಿಂಗೆ ಎಲ್ಲಾ ಗೊತ್ತು, ಅದೇ ತೊಂದ್ರೆ. ಎಣ್ಣೆ ಮುಗೀತಾ ಇರುತ್ತೆ. ಸಾಕು, ಬಿಟ್ಟು ಹೊರಡಿ ಅಂತ ಬಾಗಿಲಲ್ಲಿ ಇರೋನು ಹೇಳಬೇಕು. ನಿಮ್ಮಕ್ಕ ಇನ್ನೂ ಲಾರಿ ಮೇಲಿದ್ರೆ ನೀನು ಹೇಳ್ತೀಯಾ? ನನ್ನ ಮುಖ ನೋಡಿ ಹೇಳು."

ಅವನು ಅವಳ ಮುಖ ನೋಡಲಿಲ್ಲ. ಪಟ್ಟಿ ಬಿಚ್ಚಿದ.

ನ್ಯಾಕುಂಡಿಯನ್ನು ಕರೆದಾಗ ಅವನು ನಡುಗುತ್ತ ಎದ್ದು ಬಂದ. ಬರುವುದಿಲ್ಲ ಅನ್ನುತ್ತಾನೇನೋ ಎಂದುಕೊಂಡರೆ, ಕುಳ್ಳ ಅಂಗಿಯ ತೋಳು ಮಡಚಿ ಹೆಲಿಕಾಪ್ಟರಿನ ಬಾಗಿಲಲ್ಲಿ ನಿಂತೇ ಬಿಟ್ಟ. "ಏನ್ ಮಾಡಬೇಕು, ಬೇಗ ಹೇಳಿ ಅಫಾಂದೆ," ಎಂದ.

ಲೊಕಿದೋರ್ ಅವನ ಸೊಂಟಕ್ಕೆ ಪಟ್ಟಿ ಬಿಗಿಯುತ್ತ ಕಿವಿಯ ಹತ್ತಿರ ಕೂಗಿದ. "ಈ ಪಟ್ಟಿ ನಿನ್ನ ಪ್ರಾಣ, ಬಿಚ್ಚಬೇಡ. ಕಂಬಿ ಮೂಟೆಗೆ ತಾಗ್ತಿದ್ದಂಗೆ ನಿಲ್ಲಿ ಅನ್ನು. ಕೈ ಹಿಡೀಬೇಡ, ಒದ್ದೆ ಇರುತ್ತೆ, ಜಾರುತ್ತೆ. ಮಣಿಕಟ್ಟು ಹಿಡಿ. ಲಾರಿ ಅಲ್ಲಾಡ್ತು ಅಂದ್ರೆ ಹೊರಡಿ ಅಂತ ಕಿರುಚು. ಯಾರೇ ಮೇಲಿರ್ಲಿ, ಕಿರುಚು. ಆಮೇಲೆ, ಮೊದ್ಲು..."

ಮಾತು ಅಲ್ಲಿಗೆ ನಿಂತಿತು. ನ್ಯಾಕುಂಡಿ ಬಾಯಿ ತೆರೆದುಕೊಂಡು ಕಾಯುತ್ತಿದ್ದ. ಮುಂಬುವಾಗೂ ಹೆಡ್‌ಸೆಟ್ಟಿನಲ್ಲಿ ಎಲ್ಲ ಕೇಳಿಸುತ್ತಿತ್ತು.

"ಮೊದ್ಲು ಯಾರ ಕೈಯಲ್ಲಿ ಶಕ್ತಿ ಇಲ್ವೋ ಅವರನ್ನ ಎಳ್ಕೋ," ಎಂದ ಲೊಕಿದೋರ್. ಹೇಳಿ ಮುಗಿಸಿ ತನ್ನ ಹೆಡ್‌ಸೆಟ್ಟನ್ನು ತೆಗೆದು ನ್ಯಾಕುಂಡಿಯ ಕಿವಿಗೆ ಹಾಕಿದ. ತನ್ನ ಅಕ್ಕ ಯಾವತ್ತೂ ಕೈ ಸೋತವಳಲ್ಲ, ಕಡೆಗೆ ಉಳಿಯುವವಳು ಅವಳೇ ಎಂದು ಅವನಿಗೆ ಗೊತ್ತಿತ್ತು.

ಹೆಲಿಕಾಪ್ಟರ್ ಎದ್ದು, ಗುಡ್ಡ ಇಳಿದು, ಮರಗಳ ಆಚೆ ಮರೆಯಾಯಿತು. ಸದ್ದೂ ಕರಗಿತು. ಲೊಕಿದೋರ್ ಠಾಣೆಯ ಕೈರೇಡಿಯೊವನ್ನು ಕಿವಿಗೆ ಒತ್ತಿಕೊಂಡು ಧ್ವಜದ ಕಂಬದ ಕೆಳಗೆ ನಿಂತ. ಇಷ್ಟು ವರ್ಷ ಬಾಗಿಲಲ್ಲಿ ನಿಂತಿದ್ದವನಿಗೆ ನೆಲದ ಮೇಲೆ ನಿಂತು ಕಾಯುವುದು ಎಂಥ ನರಕ ಎಂದು ಇವತ್ತೇ ತಿಳಿದದ್ದು.

ಠಾಣೆಯ ಜಗಲಿಯಲ್ಲಿ ಮಕ್ಕಳಿಗೆ ಯಾರೋ ಕಂಬಳಿ ಹೊದಿಸಿ ಹಾಲು ಹಾಕಿದ ಚಹಾ ಕುಡಿಸುತ್ತಿದ್ದರು. ಮುದುಕ ಮಾತ್ರ ಎದ್ದು ಕುಂಟುತ್ತ ಬಂದು ಪಕ್ಕದಲ್ಲಿ ನಿಂತ.

"ಆ ಮೀನಿನ ಹೆಂಗಸು ನಿಮ್ಮಕ್ಕ ಅಲ್ವೇನೋ?"

"ಹೌದು ಅಜ್ಜ."

"ಅವಳೇ ಹೇಳಿದ್ಲು. ಹೆಲಿಕಾಪ್ಟರ್ ಕಾಣ್ತಿದ್ದಂಗೆ, ಇದ್ರಲ್ಲಿ ನನ್ನ ತಮ್ಮ ಇರ್ತಾನೆ, ಯಾರೂ ಹೆದರ್ಬೇಡಿ ಅಂದ್ಲು." ಮುದುಕ ಹೊಳೆಯ ದಿಕ್ಕಿಗೆ ಕೈ ತೋರಿದ. "ನೀನು ನೋಡಿದ್ರೆ ಇಲ್ಲಿ ನಿಂತಿದ್ದೀಯ. ಆ ಕುಳ್ಳನ್ನ ಕಳ್ಸಿ."

ಲೊಕಿದೋರ್ ರೇಡಿಯೊದ ಗುಂಡಿ ಒತ್ತಿ ಹಿಡಿದು, ಏನೂ ಕೇಳದೆ ಬಿಟ್ಟ. ಹಾರಿಸುವವರನ್ನು ಆ ಹೊತ್ತಿನಲ್ಲಿ ಮಾತಾಡಿಸಬಾರದು.

ಕಡೆಗೂ ಮುಂಬುವಾಳ ದನಿ ಬಂತು, ಚೂರುಚೂರಾಗಿ. "ಮೇಲೆ ಇದ್ದೀವಿ." ಆಮೇಲೆ ಗರಗರ. ಹಿಂದೆಲ್ಲೋ ನ್ಯಾಕುಂಡಿಯ ಕಿರುಚಾಟ: "ಎಡಕ್ಕೆ! ಅಯ್ಯೋ ಅಲ್ಲ ಅಲ್ಲ, ಬಲಕ್ಕೆ ಮೇಡಂ, ಬಲಕ್ಕೆ!" ಲೊಕಿದೋರ್ ಕಣ್ಣು ಮುಚ್ಚಿಕೊಂಡ. ಅವನ ಕಾಲ ಬೆರಳುಗಳು ಬೂಟಿನೊಳಗೆ ತಾವೇ ಕಂಬಿಯನ್ನು ಹುಡುಕುತ್ತಿದ್ದವು.

"ಒಬ್ರು ಒಳಗೆ," ಎಂದಳು ಮುಂಬುವಾ.

ಯಾರು? ಕೇಳಲಿಲ್ಲ. ಗಾಳಿ ಧ್ವಜವನ್ನು ಪಟಪಟ ಬಡಿಯುತ್ತಿತ್ತು, ಅದನ್ನು ಹರಿದು ಎಸೆಯಬೇಕೆನಿಸಿತು ಅವನಿಗೆ.

"ಇಬ್ರು."

ಆಮೇಲೆ ಏನೂ ಇಲ್ಲ. ರೇಡಿಯೊದ ಒಳಗೆ ಎಲ್ಲೋ ಒಂದು ಎಚ್ಚರಿಕೆಯ ಗಂಟೆ ಬಿಡದೆ ಹೊಡೆದುಕೊಳ್ಳುತ್ತಿತ್ತು. ಆ ಗಂಟೆ ಲೊಕಿದೋರನಿಗೆ ಚೆನ್ನಾಗಿ ಗೊತ್ತು. ಇಂಧನ ತಳ ಕಂಡಾಗ ಹೊಡೆಯುವ ಗಂಟೆ ಅದು. "ಬರ್ತಿಲ್ಲ ಮೇಡಂ," ಎಂಬ ನ್ಯಾಕುಂಡಿಯ ದನಿ. "ಅವರು ಬರ್ತಾನೇ ಇಲ್ಲ! ಕೈ ಕೊಡ್ತಿಲ್ಲ!" ಮುಂಬುವಾ ಕಂಬಾ ಮಾತಿನಲ್ಲಿ ಏನೋ ಬೈದಳು. ಮತ್ತೆ ನ್ಯಾಕುಂಡಿ, ಗಂಟಲು ಹರಿದುಹೋಗುವ ಹಾಗೆ: "ಲಾರಿ ಅಲ್ಲಾಡ್ತಿದೆ! ಹೊರಡಿ! ಹೊರಡಿ!"

ರೇಡಿಯೊ ಸತ್ತಂತೆ ಮೌನವಾಯಿತು.

ಲೊಕಿದೋರ್ ತಾನೇ ಹೇಳಿಕೊಟ್ಟ ಮಾತು ಅದು. ಯಾರ ಬಾಯಿಂದಲೂ ಅಲ್ಲ, ತನ್ನ ಬಾಯಿಂದಲೇ ಅಕ್ಕನನ್ನು ಬಿಟ್ಟು ಹೊರಡಿ ಎಂದಂತಾಯಿತು. ಸುಳ್ಳು ಹೇಳಿದ್ದರೆ ಏನಾಗುತ್ತಿತ್ತು? ಡ್ರಮ್ಮಿನ ಹತ್ತಿರ ಒಂದು ಸುಳ್ಳು, ಕಂಬಿಯ ಹತ್ತಿರ ಒಂದು ಸುಳ್ಳು. ಮೊದಲನೆಯದಕ್ಕೆ ಎಣ್ಣೆ ಸಿಗುತ್ತಿತ್ತು, ಎರಡನೆಯದಕ್ಕೆ ಈಗ ತಾನು ಅಲ್ಲಿರುತ್ತಿದ್ದ. ಯಾವ ದೊಡ್ಡ ಸತ್ಯವಂತ ತಾನು, ಯಾರಿಗೆ ಬೇಕಿತ್ತು ಈ ಸತ್ಯ? ಮುದುಕನ ಕೈ ಅವನ ಹೆಗಲ ಮೇಲೆ ಬಂದು ಕೂತಿತು. ಅವನು ಕೊಡವಲಿಲ್ಲ.

ಕಡೆಗೆ ರೇಡಿಯೊ ಗರ್ ಎಂದಿತು.

"ಇಳಿದಿದ್ದೀವಿ." ಮುಂಬುವಾ ಓಡಿ ಬಂದವಳ ಹಾಗೆ ಏದುಸಿರು ಬಿಡುತ್ತಿದ್ದಳು. "ದಿಬ್ಬದ ಮೇಲೆ. ಎಂಜಿನ್ ತಾನಾಗೇ ನಿಂತ್ಹೋಯ್ತು, ನಾನು ನಿಲ್ಸಿದ್ದಲ್ಲ. ಮೂರೂ ಜನ ಇದ್ದಾರೆ. ಕೇಳಿಸ್ತಾ ಲೊಕಿದೋರ್? ಮೂರೂ ಜನ."

"ಕೇಳಿಸ್ತು ಮೇಡಂ," ಎಂದ ಲೊಕಿದೋರ್.

ನಡೆದದ್ದನ್ನು ನ್ಯಾಕುಂಡಿ ರೇಡಿಯೊದಲ್ಲೇ ಹೇಳಿದ, ಅರ್ಧ ಅಳುತ್ತ, ಅರ್ಧ ಜಂಬ ಕೊಚ್ಚುತ್ತ. ಮೊದಲು ಎಳೆದದ್ದು ಡ್ರೈವರನ್ನು. ಲಾರಿ ವಾಲಿದಾಗಲೇ ಅವನ ತೋಳು ಮುರಿದಿತ್ತಂತೆ. ಮೂಟೆ ಕಟ್ಟಿದ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದನಂತೆ. ಎಳೆದ ಮರುಕ್ಷಣ ಅವನು ಕೂತಿದ್ದ ಮೂಟೆ ಹೊಳೆಗೆ ಹೋಯಿತು. ಆಮೇಲೆ ಸಕ್ಕರೆ ವ್ಯಾಪಾರಿ. ಕಡೆಗೆ ಆ ಹೆಂಗಸು. "ಆಯಮ್ಮ ಕೈ ಕೊಡಲ್ಲ ಅಂತಾರೆ ಅಫಾಂದೆ! ಏನೇನೋ ಕೂಗ್ತಾರೆ, ನಂಗೆ ಅವರ ಮಾತು ಬರಲ್ಲ. ನನ್ನ ಮುಖ ನೋಡ್ತಾರೆ, ನನ್ನ ಹಿಂದೆ ನೋಡ್ತಾರೆ. ಲಾರಿ ಮಗುಚ್ಕೊಳ್ತಾ ಇತ್ತು. ಹೊರಡಿ ಅಂತ ಕಿರುಚಿದೆ, ನೀವು ಹೇಳಿದಂಗೇ. ಕಿರುಚ್ತಾ ಕಿರುಚ್ತಾ ಕುತ್ತಿಗೆ ಮಣಿಗೆ ಕೈ ಹಾಕಿ ಎಳ್ದೇಬಿಟ್ಟೆ. ತಪ್ಪಾಯ್ತು, ಹೆಂಗಸರ ಕುತ್ತಿಗೆಗೆ ಕೈ ಹಾಕ್ಬಾರ್ದಿತ್ತು..."

"ಕೊಡೋ ಇಲ್ಲಿ!" ರೇಡಿಯೊದಲ್ಲಿ ಬೇರೆ ದನಿ ನುಗ್ಗಿತು. ಕೂಗಿ ಕೂಗಿ ಗಡಸಾದದ್ದು. "ಯಾವುದನ್ನ ಒತ್ತಬೇಕು? ಇದಾ? ಲೋ ತಮ್ಮಾ! ಜೀವ ಇದೆಯೇನೋ ನಿಂಗೆ?"

"ಇದೆ ಅಕ್ಕಾ."

"ನನ್ನ ಮಣಿ ಎಲ್ಲಾ ಹೊಳೆಗೆ ಹೋಯ್ತು. ಮೀನೂ ಹೋಯ್ತು. ಆ ಕುಳ್ಳ ನನ್ನನ್ನ ಕೋಳಿ ಹಿಡ್ದಂಗೆ ಕತ್ತು ಹಿಡ್ದು ಎಳ್ದ. ಅವನು ಬಾಗಿಲಲ್ಲಿ ಕಂಡಾಗ ನಾನು ಏನಂದ್ಕೊಂಡೆ ಗೊತ್ತಾ? ನೀನು ಹೋದ ಸಲ ನೀರಿಗೆ ಬಿದ್ದುಹೋದೆ ಅಂದ್ಕೊಂಡೆ. ನಿನ್ನ ಹೆಣ ಎಲ್ಲಿ ಅಂತ ಅವನನ್ನ ಕೇಳ್ತಿದ್ದೆ. ಹೇಳೋ ತನಕ ಹತ್ತಲ್ಲ ಅಂತ ಕೂತಿದ್ದೆ." ದನಿ ಒಡೆಯಿತು, ಒಡೆದದ್ದಕ್ಕೆ ಅವಳಿಗೇ ಸಿಟ್ಟು ಬಂತು. "ನೋಡಿದ್ರೆ ನೀನು ಅಲ್ಲಿ ಬೆಚ್ಚಗೆ ಕೂತಿದ್ದೀಯ! ಯಾಕೋ ಬರ್ಲಿಲ್ಲ ನೀನು?"

ಮುದುಕ ಪಕ್ಕದಲ್ಲೇ ಇದ್ದ. ಜಗಲಿಯಲ್ಲಿದ್ದವರೂ ಎದ್ದು ಹತ್ತಿರ ಬಂದಿದ್ದರು. ಮೇಡಂ ಇಳಿಸಿದರು ಎನ್ನಬಹುದಿತ್ತು. ಡ್ರಮ್ಮಿನಲ್ಲಿ ನೀರಿತ್ತು, ಅದನ್ನು ನಿಲ್ಲಿಸಿದವನು ನಿನ್ನನ್ನು ಎಳೆದ ಆ ಕುಳ್ಳನೇ ಎನ್ನಬಹುದಿತ್ತು. ದಳದ ನಿಯಮ ಎನ್ನಬಹುದಿತ್ತು. ಯಾವುದೂ ಸುಳ್ಳಲ್ಲ.

"ನಾನು ಬಂದಿದ್ರೆ ಮೊದ್ಲು ನಿನ್ನೇ ಎಳೀತಿದ್ದೆ ಅಕ್ಕಾ," ಎಂದ ಲೊಕಿದೋರ್. "ಆ ಡ್ರೈವರ್ ಹೋಗ್ಬಿಡ್ತಿದ್ದ."

ಅವಳು ಮತ್ತೆ ಗುಂಡಿ ಒತ್ತಿದಳು. ಅತ್ತ ಕಡೆ ಹೊಳೆ ಮೊರೆಯುವುದು, ಯಾರೋ ನೋವಿಗೆ ನರಳುವುದು ಕೇಳಿಸುತ್ತಿತ್ತು.

"ಅವನು ಇಲ್ಲೇ ಮಲಗಿದ್ದಾನೆ ಕಣೋ," ಎಂದಳು ಕೊನೆಗೆ. ದನಿ ಸಣ್ಣದಾಗಿತ್ತು. "ಕೇಳಿಸ್ಕೊಂಡ."

ಮುದುಕ ನೆಲ ನೋಡುತ್ತಿದ್ದ.

"ಈ ಕುಳ್ಳನ್ನ ಮನೆಗೆ ಕರ್ದು ಆಡು ಕಡೀಬೇಕು," ಎಂದಳು ನಪೆಯೊಕ್. ಎಂದಿನ ಅಕ್ಕ ಆಗಲು ನೋಡುತ್ತಿದ್ದಳು, ಆಗುತ್ತಿರಲಿಲ್ಲ. "ಅದಿರ್ಲಿ. ಇಲ್ಲಿ ಗಾಡಿ ಬರಲ್ಲ ಅಂತಿದ್ದಾರೆ ನಿಮ್ಮ ಮೇಡಂ. ನಂಗೆ ನಿಲ್ಲಕ್ಕಾಗ್ತಿಲ್ಲ ಕಣೋ. ಕಾಲು ನಡುಗ್ತಾ ಇದೆ. ಯಾಕೋ ಹೆದರ್ಕೆ ಆಗ್ತಿದೆ. ಕತ್ತಲಾಗೋದ್ರೊಳಗೆ ಬರ್ತೀಯಾ?"

ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಹೆದರಿಕೆ ಎಂಬ ಮಾತನ್ನು ಅವನು ಕೇಳಿರಲಿಲ್ಲ. ಮುದುಕ ಠಾಣೆಯವರು ಕೊಟ್ಟಿದ್ದ ಊರುಗೋಲನ್ನು ಚಾಚಿದ, ಕೆಸರಿನಲ್ಲಿ ಬೇಕಾಗುತ್ತದೆ ಎಂದು. ಲೊಕಿದೋರ್ ಅದನ್ನು ಇಸಿದುಕೊಂಡ.

"ಬರ್ತೀನಿ ಅಕ್ಕಾ," ಎಂದ. ಹಾಗೆನ್ನುವಾಗಲೇ ಗುಡ್ಡದ ಅರ್ಧ ಇಳಿದಿದ್ದ.